'ಪ್ಲೇಸ್' ಎಂಬ ಮಾತು

ಇಂಗ್ಲಿಷನ್ನು ಕಲಿಯತೊಡಗಿದ ಬಾಲಕನಿಗೆ ಮೊದಲನೆಯ ವರ್ಷದಲ್ಲಿಯೇ ಪರಿಚಯವಾಗುವ ಮಾತುಗಳಲ್ಲಿ 'ಪ್ಲೇಸ್' ಎಂಬುದೊಂದು. ಉಪಾಧ್ಯಾಯರು ಅದನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ 'ಸ್ಥಳ' ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುತ್ತಾರೆ. ಬಾಲಕನೂ ಅದನ್ನು ಬಾಯಿಪಾಠ ಮಾಡಿಕೊಂಡು ಮುಂದಕ್ಕೆ ಹೋಗುತ್ತಾನೆ. ಅವನು ಬೆಳೆದು ಪದವೀಧರನಾಗಿ ನಾಲ್ಕು ಜನರ ನಡುವೆ ಇಂಗ್ಲಿಷಿನಲ್ಲಿ ಮಾತನಾಡುವವನಾದ ಮೇಲೂ ಆ ಮಾತನ್ನು ತಿರುಗಿ ನೋಡುವ ಪ್ರಸಂಗ ಅವನಿಗೆ ಬರುವುದೇ ಇಲ್ಲ. ಕಠಿಣವಾದ ಶಬ್ದ ಎದುರಾದಾಗ ನಾವು ನಿಘಂಟನ್ನು ತೆರೆಯುತ್ತೇವೆ. ಸುಲಭವಾದ ಶಬ್ದವನ್ನು ನಂಬಿ ಮೋಸಹೋಗುತ್ತೇವೆ. ಹಾಗೆ ಮೋಸಹೋದವರಲ್ಲಿ ನಾನೂ ಒಬ್ಬನಾದುದರಿಂದಲೇ ಈ ದಿನದ ಭಾಷಣಕ್ಕೆ ಈ ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಾನು ಅಧ್ಯಾಪಕನಾಗಿ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ನಲವತ್ತು ಮಂದಿಗೆಂದು ಕಟ್ಟಿಸಿದ ಮನೆಯಲ್ಲಿ ಐವತ್ತೆರಡು ಮಂದಿ ಹುಡುಗರು ಮಲಗುತ್ತಿದ್ದರು. ಜೂನ್ ತಿಂಗಳ ಕೊನೆಯಲ್ಲಿ ಹಳ್ಳಿಯ ಶಾಲೆಯ ಉಪಾಧ್ಯಾಯರೊಬ್ಬರು ತಮ್ಮ ಮಗನಿಗಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದರು. ನಾನೂ ಇಂಗ್ಲಿಷಿನಲ್ಲಿಯೇ ಒಂದು ಸಾಲಿನ ಉತ್ತರವನ್ನು ಬರೆದು ಅಂಚೆಗೆ ಹಾಕಿಸಿದೆ. ಈ ನಿಲಯದಲ್ಲಿ ನಿಮ್ಮ ಮಗನಿಗೆ 'ಪ್ಲೇಸ್' ಇಲ್ಲ ಎಂಬುದಷ್ಟೇ ಅದರ ಒಕ್ಕಣೆ. ಕನ್ನಡದಲ್ಲಿ 'ಜಾಗವಿಲ್ಲ' ಎಂದುಕೊಂಡು ಅದನ್ನೇ ಇಂಗ್ಲಿಷಿಗೆ ತಿರುಗಿಸಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಆ ಮಹನೀಯರು ನಮ್ಮ ಮನೆಯ ಬಾಗಿಲಿಗೇ ಬಂದರು. ಕುಳಿತುಕೊಳ್ಳಿರೆಂದರೆ ಕುಳಿತುಕೊಳ್ಳಲಿಲ್ಲ. ಜೇಬಿನಿಂದ ನನ್ನ ಕಾಗದವನ್ನು ತೆಗೆದು, "ಸ್ವಾಮಿ, ಇದನ್ನು ನಾಲ್ಕು ಸಲ ಓದಿದೆ. ಮಂಚ ಸಾಲದೆ ಹೀಗೆ ಬರೆದದ್ದೋ, ನಾವು ಇಂಥ ಜನ ಎಂದು ತಿಳಿದು ಬರೆದದ್ದೋ, ಅಷ್ಟನ್ನು ತಮ್ಮ ಬಾಯಿಂದಲೇ ಕೇಳಿಕೊಂಡು ಹೋಗೋಣವೆಂದು ಬಂದೆ. ಎರಡನೆಯದಾದರೆ ನನಗೆ ಅದು ಹೊಸದೇನೂ ಅಲ್ಲ" ಎಂದರು. ಅವರ ಮಾತಿನ ಅರ್ಥ ನನಗೆ ಕೂಡಲೆ ಆಗಲಿಲ್ಲ. ಆದಮೇಲೆ ನಾನು ತಲೆಯೆತ್ತುವಂತಿರಲಿಲ್ಲ.

ಒಂದೇ ಮಾತು ಬರೆದವನ ಮನಸ್ಸಿನಲ್ಲಿ ಮಂಚವಾಗಿ, ಓದಿದವರ ಮನಸ್ಸಿನಲ್ಲಿ ಮಾನವಾಗಿ ತೋರಿದ್ದು ಹೇಗೆ? ಅದನ್ನು ತಿಳಿಯಬೇಕಾದರೆ ಈ ಮಾತಿನ ವಂಶಾವಳಿಯನ್ನು ಸ್ವಲ್ಪ ನೋಡಬೇಕು.

'ಪ್ಲೇಸ್' ಎಂಬುದು ಹುಟ್ಟಿನಿಂದ ಇಂಗ್ಲಿಷ್ ಮಾತಲ್ಲ. ಅಗಲವಾದದ್ದು ಎಂಬ ಅರ್ಥದ ಗ್ರೀಕ್ ವಿಶೇಷಣದಿಂದ 'ಅಗಲವಾದ ದಾರಿ' ಎಂಬರ್ಥದ 'ಪ್ಲತೇಯಾ' ಎಂಬ ಮಾತು ಹುಟ್ಟಿತು. ರೋಮನರು ಅದನ್ನು ಲ್ಯಾಟಿನ್ನಿಗೆ ತೆಗೆದುಕೊಂಡು ಹೆದ್ದಾರಿಗೂ ಊರ ನಡುವಣ ಬಯಲಿಗೂ ಬಳಸಿದರು. ಅದೇ ಮಾತು ಇಟಲಿಯಲ್ಲಿ 'ಪಿಯಾಟ್ಸಾ', ಸ್ಪೆಯಿನಿನಲ್ಲಿ 'ಪ್ಲಾಸಾ', ಜರ್ಮನಿಯಲ್ಲಿ 'ಪ್ಲಾಟ್ಸ್', ಫ್ರಾನ್ಸಿನಲ್ಲಿ 'ಪ್ಲಾಸ್' ಆಯಿತು. ಈ ದೇಶಗಳಲ್ಲೆಲ್ಲ ಇಂದಿಗೂ ಅದು ಊರ ಚೌಕದ ಹೆಸರು. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತುಗಳು ಅಲ್ಲಿಗೆ ಹೊಳೆಯಾಗಿ ಹರಿದುಬಂದುವಷ್ಟೆ. ಆ ಹೊಳೆಯಲ್ಲಿ ಬಂದು ಬೇರೂರಿದ ಮಾತು ಇದು. ಬೀದಿಯೆಂಬ ಹಳೆಯ ಅರ್ಥ ಇಂಗ್ಲಿಷಿನಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯವರು ೧೯೩೨ರಲ್ಲಿ ತಮ್ಮ ಪ್ರಸಾರಮಂದಿರವನ್ನು ತೆರೆದದ್ದು 'ಪೋರ್ಟ್‌ಲೆಂಡ್ ಪ್ಲೇಸ್' ಎಂಬಲ್ಲಿ. ಅದು ಹದಿನೆಂಟನೆಯ ಶತಮಾನದಲ್ಲಿ ಆಡಮ್ ಸಹೋದರರು ನಿರ್ಮಿಸಿದ, ಅಗಲಕ್ಕೆ ಹೆಸರಾದ ಬೀದಿ. ಹೊಸದಿಲ್ಲಿಯ 'ಕನಾಟ್ ಪ್ಲೇಸ್' ಎಂಬ ವರ್ತುಲಾಕಾರದ ಪೇಟೆಯ ಹೆಸರಿನಲ್ಲಿಯೂ ಈ ಹಳೆಯ ಅರ್ಥವೇ ಇದೆ.

ನಮಗೆ ಸ್ವಾರಸ್ಯವಾದ ಸಂಗತಿ ಇನ್ನೊಂದುಂಟು. ಸಂಸ್ಕೃತವೂ ಗ್ರೀಕ್, ಲ್ಯಾಟಿನ್ ಭಾಷೆಗಳೂ ಒಂದೇ ಮೂಲದಿಂದ ಕವಲೊಡೆದುವಾಗಿರಬೇಕೆಂದು ಸರ್ ವಿಲಿಯಂ ಜೋನ್ಸ್ ಎಂಬ ಪಂಡಿತರು ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಆ ನಂಟನ್ನು ಈ ಮಾತಿನಲ್ಲಿ ಕಣ್ಣಾರೆ ಕಾಣಬಹುದು. ಅಗಲ ಎಂಬರ್ಥದ ಗ್ರೀಕಿನ 'ಪ್ಲತುಸ್' ಎಂಬುದೂ ಅದೇ ಅರ್ಥದ ಸಂಸ್ಕೃತದ 'ಪೃಥು' ಎಂಬುದೂ ದಾಯಾದಿಗಳು. ವಿಸ್ತಾರವಾಗಿ ಹರಡಿಕೊಂಡಿರುವುದರಿಂದಲೇ ಭೂಮಿಗೆ 'ಪೃಥ್ವಿ' ಎಂದು ಹೆಸರಾಯಿತು. ಹೀಗೆ ನೋಡಿದರೆ ಆಂಗ್ಲರ 'ಪ್ಲೇಸ್' ನಮ್ಮ ಪೃಥ್ವಿಯ ದೂರದ ಬಂಧು. ರೈಲ್ವೆ ನಿಲ್ದಾಣದಲ್ಲಿ ನಾವು ಕಾಲಿಡುವ 'ಪ್ಲಾಟ್‌ಫಾರಂ', ಊಟಕ್ಕೆ ಮುಂದಿಡುವ 'ಪ್ಲೇಟು', ಆಂಗ್ಲರು ಪ್ರೀತಿಯಿಂದ ತಿನ್ನುವ 'ಪ್ಲೇಸ್' ಎಂಬ ಚಪ್ಪಟೆ ಮೀನು, ಇವೂ ಆ ಮನೆತನದವೇ. ಮೀನಿನ ಹೆಸರಿನ ಉಚ್ಚಾರಣೆಯೂ ನಮ್ಮ ಮಾತಿನದೇ. ಕಾಗುಣಿತ ಮಾತ್ರ ಬೇರೆ.

ಹಾಗಾದರೆ 'ಪ್ಲೇಸ್' ಬರುವುದಕ್ಕೆ ಮುಂಚೆ ಇಂಗ್ಲಿಷಿನವರು ಸ್ಥಳವನ್ನು ಏನೆಂದು ಕರೆಯುತ್ತಿದ್ದರು? ಅವರ ಹಳೆಯ ಭಾಷೆಯಲ್ಲಿ 'ಸ್ಟೋ' ಎಂದೂ 'ಸ್ಟೆಡೆ' ಎಂದೂ ಎರಡು ಮಾತುಗಳಿದ್ದುವು. ಫ್ರೆಂಚ್ ಮಾತಿನ ಮುಂದೆ ಅವು ಹಿಂಜರಿದು ಊರುಗಳ ಹೆಸರಿನಲ್ಲಿ ಅಡಗಿಕೊಂಡುವು. ಪ್ಯಾಡ್‌ಸ್ಟೋ, ಫೆಲಿಕ್ಸ್‌ಸ್ಟೋ ಎಂಬ ಊರುಗಳಲ್ಲಿ ಮೊದಲನೆಯದೂ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಎಂಬ ಬಡಾವಣೆಯಲ್ಲಿ ಎರಡನೆಯದೂ ಉಳಿದಿವೆ. 'ಬದಲಾಗಿ' ಎಂಬರ್ಥದಲ್ಲಿ ನಾವು ದಿನವೂ ಬಳಸುವ 'ಇನ್‌ಸ್ಟೆಡ್' ಎಂಬುದು ಬೇರೇನೂ ಅಲ್ಲ. 'ಸ್ಥಾನದಲ್ಲಿ' ಎಂಬ ಹಳೆಯ ಮಾತೇ. ಈ 'ಸ್ಟೆಡ್' ಎಂಬುದಾದರೋ ನಮ್ಮ 'ಸ್ಥಾನ', 'ಸ್ಥಿತಿ' ಎಂಬ ಶಬ್ದಗಳಿರುವ ಧಾತುವಿನಿಂದಲೇ ಬಂದದ್ದು. ನಿಲ್ಲುವುದು ಎಂಬುದು ಆ ಧಾತುವಿನ ಅರ್ಥ. ಆದಕಾರಣ ಇಂಗ್ಲಿಷಿನಲ್ಲಿ ಸ್ಥಳವನ್ನು ಎರಡು ಕಣ್ಣಿನಿಂದ ನೋಡಿದಂತಾಯಿತು. ಹಳೆಯ ಮಾತಿಗೆ ಅದು ನಿಲ್ಲುವ ನೆಲೆ; ಹೊಸ ಮಾತಿಗೆ ಅದು ಹರವಾದ ಬಯಲು. 'ಪ್ಲೇಸ್' ಎಂಬುದು ಹಳೆಯ ಮಾತುಗಳನ್ನು ಓಡಿಸಿದರೂ ಅವುಗಳ ಅರ್ಥವನ್ನು ತಾನೇ ವಹಿಸಿಕೊಂಡಿತು. ಕ್ರಮವಾಗಿ ಬಯಲಿನ ಅರ್ಥ ಹಿಂದೆ ಸರಿದು, ನೆಲೆಯ ಅರ್ಥವೇ ಮುಂದಾಯಿತು.

ಈ ಕಾರಣದಿಂದಲೇ ನನ್ನ ಕಾಗದ ಕೆಟ್ಟಿತು. ಇಂಗ್ಲಿಷಿನಲ್ಲಿ, ಇಷ್ಟು ಜನ ಅಥವಾ ಇಷ್ಟು ಸಾಮಾನು ಹಿಡಿಸುವಷ್ಟು ತೆರಪು ಎಂದು ಹೇಳಬೇಕಾದಾಗ ಬಳಸತಕ್ಕ ಮಾತು 'ರೂಮ್'. ಅದಕ್ಕೆ ಕೊಠಡಿ ಎಂಬ ಅರ್ಥ ಅನಂತರ ಬಂದದ್ದು. ಮೊದಲಿನ ಅರ್ಥ ತೆರಪು ಎಂದೇ. ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರೆ 'ರೂಮ್' ಇಲ್ಲವೆನ್ನಬೇಕು; ನಮ್ಮ ವಿದ್ಯಾರ್ಥಿಗಳು 'ಪ್ಲೇಸ್' ಇಲ್ಲವೆಂದು ಬರೆಯುತ್ತಾರೆ. 'ಸ್ಪೇಸ್' ಎಂಬುದು ಇನ್ನೂ ವಿಶಾಲವಾದ ಮಾತು: ಎರಡು ವಸ್ತುಗಳ ನಡುವಣ ಅಂತರಕ್ಕೂ ನಕ್ಷತ್ರಗಳಿರುವ ಅಂತರಿಕ್ಷಕ್ಕೂ ಅದು ಸಲ್ಲುತ್ತದೆ. 'ಪ್ಲೇಸ್' ಎಂಬುದು ಇವೆರಡೂ ಅಲ್ಲ. ಬೆರಳಿನಿಂದ 'ಇಗೋ ಇಲ್ಲಿ' ಎಂದು ತೋರಿಸಬಹುದಾದ ಎಡೆ, ಒಬ್ಬರಿಗೆ ಅಥವಾ ಒಂದು ವಸ್ತುವಿಗೆ ಸಲ್ಲುವ ನೆಲೆ.

ಇದಕ್ಕೆ ಒಳ್ಳೆಯ ನಿದರ್ಶನ ೧೬೧೧ರ ಇಂಗ್ಲಿಷ್ ಬೈಬಲಿನಲ್ಲಿ ದೊರೆಯುತ್ತದೆ. ಯೇಸುವಿನ ಜನನಕಾಲದಲ್ಲಿ ತಾಯಿತಂದೆಗಳಿಗೆ ಛತ್ರದಲ್ಲಿ ಇಳಿದುಕೊಳ್ಳಲು ಎಡೆ ದೊರೆಯಲಿಲ್ಲವೆಂದು ಲೂಕನ ಗ್ರಂಥ ಹೇಳುತ್ತದೆ. ತನ್ನವರಿಗಾಗಿ ಪರಲೋಕದಲ್ಲಿ ಒಂದು ನೆಲೆಯನ್ನು ಸಿದ್ಧಪಡಿಸಲು ಹೋಗುವೆನೆಂದು ಯೇಸು ನುಡಿದನೆಂಬುದು ಯೋಹಾನನ ಗ್ರಂಥದಲ್ಲಿದೆ. ಗ್ರೀಕ್ ಮೂಲದಲ್ಲಿ ಎರಡು ಕಡೆಯೂ ಇರುವುದು 'ತೋಪೋಸ್' ಎಂಬ ಒಂದೇ ಶಬ್ದ. ಆಂಗ್ಲ ಭಾಷಾಂತರಕಾರರು ಛತ್ರದ ಸಂದರ್ಭದಲ್ಲಿ 'ರೂಮ್' ಎಂದೂ ಪರಲೋಕದ ಸಂದರ್ಭದಲ್ಲಿ 'ಪ್ಲೇಸ್' ಎಂದೂ ಬರೆದರು. ಛತ್ರದಲ್ಲಿ ಇಲ್ಲದೆ ಹೋದದ್ದು ಇಂಬು. ಪರಲೋಕದಲ್ಲಿ ಸಿದ್ಧವಾದದ್ದು ನೆಲೆ. ಮೂಲದ ಒಂದು ಮಾತನ್ನು ಹೀಗೆ ಎರಡಾಗಿ ಬಿಡಿಸಿದ್ದರಲ್ಲಿ ಅವರ ಭಾಷೆಯ ಹದ ಎಷ್ಟು ಖಚಿತವಾಗಿತ್ತೆಂಬುದನ್ನು ನೋಡಿರಿ.

ನಮ್ಮ ಭಾಷೆಯಲ್ಲಿಯೂ ಈ ಭೇದವಿಲ್ಲದೆ ಇಲ್ಲ. ತೆರಪು, ಇಂಬು ಎಂಬ ಮಾತುಗಳು 'ರೂಮ್' ಎಂಬುದರ ಕಡೆಯವು. ನೆಲೆ, ತಾಣ, ಸ್ಥಾನ ಎಂಬುವು 'ಪ್ಲೇಸ್' ಎಂಬುದರ ಕಡೆಯವು. 'ಎಡೆ' ಎಂಬುದು ಎರಡು ಕಡೆಯೂ ನಡೆಯುತ್ತದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ತಾವು' ಎಂಬ ಚೆಲುವಾದ ಮಾತುಂಟು. ಆದರೆ ಹಿಂದುಸ್ತಾನಿಯಿಂದ ಬಂದ 'ಜಾಗ' ಎಂಬುದು ಪಟ್ಟಣಗಳಲ್ಲಿ ಇವೆಲ್ಲವನ್ನೂ ನುಂಗಿಕೊಂಡಿದೆ. ಮಲಗಲು ಜಾಗ, ಮನೆ ಕಟ್ಟಲು ಜಾಗ, ಕೆಲಸಕ್ಕೆ ಖಾಲಿಯಾದ ಜಾಗ, ಮನಸ್ಸಿನಲ್ಲಿ ಜಾಗ, ಎಲ್ಲವೂ ಜಾಗವೇ. ಈ ಒಂದು ಮಾತನ್ನೇ ಆಧಾರವಾಗಿಟ್ಟುಕೊಂಡು ಇಂಗ್ಲಿಷಿಗೆ ಹೊರಟರೆ ದಾರಿ ತಪ್ಪುವುದು ಸಹಜ.

ಇನ್ನು ಈ ಮಾತು ಸೇರಿ ಆಗುವ ಕೆಲವು ನುಡಿಗಟ್ಟುಗಳನ್ನು ವಿಚಾರಿಸೋಣ. ಮೊದಲನೆಯದು 'ಟೇಕ್ ಪ್ಲೇಸ್'. ಅಕ್ಷರಶಃ 'ಸ್ಥಳವನ್ನು ತೆಗೆದುಕೊಳ್ಳು'; ಅರ್ಥ ಮಾತ್ರ 'ನಡೆ', 'ಜರುಗು' ಎಂದು. ಫ್ರೆಂಚರು ಇದೇ ಭಾವವನ್ನು 'ಸ್ಥಳವನ್ನು ಹೊಂದು' ಎಂದೂ ಜರ್ಮನರು 'ಸ್ಥಳವನ್ನು ಕಂಡುಕೊಳ್ಳು' ಎಂದೂ ಹೇಳುತ್ತಾರೆ. ನಮ್ಮಲ್ಲಿ ಮದುವೆ ನಡೆಯುತ್ತದೆ, ಸಭೆ ಜರುಗುತ್ತದೆ. ಅಂದರೆ ಘಟನೆಗಳಿಗೆ ನಾವು ಕಾಲು ಕೊಟ್ಟಿದ್ದೇವೆ. ಯೂರೋಪಿನವರು ಅವಕ್ಕೆ ಆಸನ ಕೊಟ್ಟಿದ್ದಾರೆ. ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಈ ನುಡಿಗಟ್ಟಿನ ನಡುವೆ 'ಎ' ಎಂದಾಗಲಿ 'ದಿ' ಎಂದಾಗಲಿ ಸೇರಿಸಕೂಡದು. 'ದಿ' ಸೇರಿಸಿದರೆ ಮತ್ತೊಬ್ಬರ ಸ್ಥಾನವನ್ನು ಆಕ್ರಮಿಸಿದಂತಾಗುತ್ತದೆ. ಇದಕ್ಕೆ ಕರ್ಮಣಿ ಪ್ರಯೋಗವಿಲ್ಲ. ಸಮಾರಂಭ 'ವಾಸ್ ಟೇಕನ್ ಪ್ಲೇಸ್' ಎಂದು ಪ್ರತಿ ವರ್ಷವೂ ಉತ್ತರಪತ್ರಿಕೆಗಳಲ್ಲಿ ಕಾಣುವುದು ಶುದ್ಧ ತಪ್ಪು. ಮೂರನೆಯದಾಗಿ, ಮೊದಲೇ ಗೊತ್ತುಮಾಡಿದ ಕಾರ್ಯಗಳಿಗೆ ಇದು ಹೆಚ್ಚು ಒಪ್ಪುತ್ತದೆ; ಆಕಸ್ಮಿಕವಾದ ಅಪಘಾತಕ್ಕೆ 'ಹ್ಯಾಪನ್' ಎನ್ನುವುದು ಲೇಸು.

ಎರಡನೆಯದು ಕ್ರಮವನ್ನು ಸೂಚಿಸುವ ಪ್ರಯೋಗ. ವಾದವನ್ನು ಹೂಡುವಾಗ 'ಇನ್ ದಿ ಫಸ್ಟ್ ಪ್ಲೇಸ್' ಎಂದರೆ ಮೊದಲನೆಯದಾಗಿ ಎಂದರ್ಥ. ಪರೀಕ್ಷೆಯಲ್ಲಿ 'ಫಸ್ಟ್ ಪ್ಲೇಸ್' ಎಂದರೆ ಪ್ರಥಮ ಸ್ಥಾನ. ಗಣಿತದಲ್ಲಿ ಏಕಸ್ಥಾನ, ದಶಸ್ಥಾನ ಎಂಬುವಕ್ಕೂ ದಶಾಂಶದ ಸ್ಥಾನಗಳಿಗೂ 'ಪ್ಲೇಸ್' ಎಂದೇ ಹೆಸರು. ಈ ಅರ್ಥದಲ್ಲಿ ಆಂಗ್ಲರು ನಮಗೆ ಸಾಲಗಾರರು. ಒಂದೊಂದು ಸ್ಥಾನವೂ ಅದರ ಹಿಂದಿನದಕ್ಕಿಂತ ಹತ್ತು ಮಡಿ ಎಂಬ ನಿಯಮವನ್ನು ೪೯೯ರ ಸುಮಾರಿಗೆ ಆರ್ಯಭಟನು ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನೆಂದು ನಾವು ಕರೆಯುವ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಈ ಸ್ಥಾನಪದ್ಧತಿ ಅರಬರ ಮೂಲಕ ಪಶ್ಚಿಮಕ್ಕೆ ಹೋಯಿತು. ಪೀಸಾ ನಗರದ ಲಿಯೊನಾರ್ಡೊ ಎಂಬಾತನು ೧೨೦೨ರಲ್ಲಿ ಬರೆದ ಗ್ರಂಥದಿಂದ ಯೂರೋಪಿನಲ್ಲಿ ಅದಕ್ಕೆ ಪ್ರಚಾರ ದೊರೆಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ೨೦೫ ಎಂಬ ಸಂಖ್ಯೆಯಲ್ಲಿ ದಶಸ್ಥಾನದಲ್ಲಿ ಏನೂ ಇಲ್ಲ. ಆದರೂ ಸ್ಥಾನವಿದೆ; ಅದನ್ನು ಕಾಯುವುದೇ ಸೊನ್ನೆಯ ಕೆಲಸ. ಸ್ಥಾನವನ್ನೇ ತೆಗೆದುಹಾಕಿದರೆ ಇನ್ನೂರೈದು ಇಪ್ಪತ್ತೈದಾಗುತ್ತದೆ. ಸ್ಥಾನ ಬರಿದಾಗಿರುವುದು ಬೇರೆ, ಸ್ಥಾನವೇ ಇಲ್ಲದಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಮೂರನೆಯದು ಬದಲಿಯ ಅರ್ಥ. 'ಇನ್ ಪ್ಲೇಸ್ ಆಫ್' ಎಂದರೆ ಒಂದರ ಸ್ಥಾನದಲ್ಲಿ ಮತ್ತೊಂದು. ನಮ್ಮ ವ್ಯಾಕರಣಶಾಸ್ತ್ರಕ್ಕೆ ಇದು ಚಿರಪರಿಚಿತ. ಪಾಣಿನೀಯದಲ್ಲಿ ಒಂದು ಅಕ್ಷರದ ಸ್ಥಾನಕ್ಕೆ ಮತ್ತೊಂದು ಬಂದರೆ, ಮೊದಲಿದ್ದದ್ದು 'ಸ್ಥಾನಿ', ಬಂದದ್ದು 'ಆದೇಶ'. ಮಳೆ ಎಂಬುದರ ಮುಂದೆ ಕಾಲ ಎಂಬುದು ಬಂದು ಮಳೆಗಾಲವಾದಾಗ ಕಕಾರದ ಸ್ಥಾನಕ್ಕೆ ಗಕಾರ ಬಂದಿತು. ಇದನ್ನು ನಾವು ಆದೇಶಸಂಧಿಯೆಂದು ಬಾಲ್ಯದಲ್ಲಿಯೇ ಕಲಿತಿದ್ದೇವೆ. ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂಬ ಉಚ್ಚಾರಣಸ್ಥಾನಗಳನ್ನು ಪಾಶ್ಚಾತ್ಯ ಧ್ವನಿಶಾಸ್ತ್ರದಲ್ಲಿ 'ಪ್ಲೇಸ್' ಎಂದೇ ಕರೆಯುವುದೂ ಇಲ್ಲಿ ಸ್ಮರಣೀಯ.

ನಾಲ್ಕನೆಯದು ಔಚಿತ್ಯದ ಅರ್ಥ. ಸಂದರ್ಭಕ್ಕೆ ಹೊಂದದ ಮಾತನ್ನು 'ಔಟ್ ಆಫ್ ಪ್ಲೇಸ್' ಎನ್ನುತ್ತಾರೆ. ಸಂಸ್ಕೃತದಲ್ಲಿಯೂ 'ಸ್ಥಾನೇ' ಎಂದರೆ ಯುಕ್ತವಾದದ್ದು, 'ಅಸ್ಥಾನೇ' ಎಂದರೆ ಅಯುಕ್ತವಾದದ್ದು. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡ ಅರ್ಜುನನು ಈ ಅವ್ಯಯವನ್ನು ಇದೇ ಅರ್ಥದಲ್ಲಿ ಬಳಸುತ್ತಾನೆ. ಇರಬೇಕಾದ ಕಡೆಯಲ್ಲಿ ಇರುವುದೇ ಯೋಗ್ಯತೆ ಎಂಬ ಭಾವನೆ ಎರಡು ಭಾಷೆಗಳಲ್ಲಿಯೂ ಬೇರೆಬೇರೆಯಾಗಿ ಬೆಳೆದಿದೆ.

ಈ ಭಾವನೆ ನಿರಪಾಯಕರವಾಗಿ ಕಂಡರೂ ಇದರಲ್ಲಿ ಒಂದು ಮುಳ್ಳುಂಟು. ಇರಬೇಕಾದ ಕಡೆ ಯಾವುದೆಂದು ಗೊತ್ತುಮಾಡುವವರು ಯಾರು? 'ಪ್ಲೇಸ್' ಎಂಬುದಕ್ಕೆ ಹುದ್ದೆ, ಅಂತಸ್ತು ಎಂಬ ಐದನೆಯ ಅರ್ಥ ಇಲ್ಲಿಂದಲೇ ಹುಟ್ಟಿತು. ಫ್ರಾನ್ಸಿಸ್ ಬೇಕನ್ ೧೬೧೨ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ದೊಡ್ಡ 'ಪ್ಲೇಸ್', ಅಂದರೆ ಉನ್ನತ ಪದವಿ, ಎಂಬ ವಿಷಯವಾಗಿ ಒಂದು ಪ್ರಬಂಧವಿದೆ. ದೊಡ್ಡ ಪದವಿಯಲ್ಲಿರುವವನು ರಾಜ್ಯಕ್ಕೂ ಕೀರ್ತಿಗೂ ಕಾರ್ಯಭಾರಕ್ಕೂ ಸೇವಕನೆಂಬುದು ಅದರ ಸಾರ. ಬರೆದವನು ೧೬೧೮ರಲ್ಲಿ ಲಾರ್ಡ್ ಚಾನ್ಸೆಲರ್ ಪದವಿಗೇರಿ, ೧೬೨೧ರಲ್ಲಿ ಲಂಚದ ಆಪಾದನೆಯನ್ನು ಒಪ್ಪಿಕೊಂಡು ಅದರಿಂದ ಇಳಿದನು. ಮೇಲಿನವರ ಅಂತಸ್ತಿಗೆ ಹೀಗೆ ಏಳುಬೀಳುಗಳಿದ್ದರೆ, ಕೆಳಗಿನವರ ಅಂತಸ್ತಿಗೆ ಬೇರೊಂದು ನುಡಿಗಟ್ಟಿದೆ. 'ತನ್ನ ಪ್ಲೇಸನ್ನು ತಿಳಿದುಕೊಂಡಿರುವುದು' ಎಂದರೆ ತಗ್ಗಿ ನಡೆಯುವುದು. ಒಬ್ಬನನ್ನು 'ಅವನ ಪ್ಲೇಸಿನಲ್ಲಿ ಇರಿಸುವುದು' ಎಂದರೆ ಅವನ ತಲೆಯನ್ನು ತಗ್ಗಿಸುವುದು. ಆಳುಕಾಳುಗಳ ವಿಷಯದಲ್ಲಿ ಯಜಮಾನರು ಆಡುತ್ತ ಬಂದ ಮಾತುಗಳಿವು. ನಮ್ಮ ದೇಶದಲ್ಲಿ ಈ ಭಾವನೆಗೆ ಇಂಗ್ಲಿಷ್ ಭಾಷೆಯ ಸಹಾಯವೇನೂ ಬೇಕಾಗಿರಲಿಲ್ಲವೆಂಬುದನ್ನು ನಾನು ಹೇಳಬೇಕಾದ್ದಿಲ್ಲ. ಬಾವಿಯ ಬಳಿ, ಪಂಕ್ತಿಯಲ್ಲಿ, ಶಾಲೆಯ ಜಗಲಿಯಲ್ಲಿ, ಯಾರ ಸ್ಥಾನ ಯಾವುದೆಂಬುದನ್ನು ನಮ್ಮ ಹಿರಿಯರು ಬಹಳ ನಿಷ್ಕರ್ಷೆಯಾಗಿ ಗೊತ್ತುಮಾಡಿದ್ದರು.

ಕ್ರಿಯಾಪದವಾಗಿಯೂ ಈ ಶಬ್ದ ಬಳಕೆಯಲ್ಲಿದೆ. 'ಪುಟ್' ಎಂಬುದು ಇಡು, ಹಾಕು ಎಂಬ ಸಾಮಾನ್ಯ ಕ್ರಿಯೆ. 'ಪ್ಲೇಸ್' ಎಂಬುದು ನೋಡಿ, ಯೋಚಿಸಿ, ಸರಿಯಾದೆಡೆಯಲ್ಲಿ ಇರಿಸುವುದು. ಮಗುವಿನ ಮುಂದೆ ದೀಪವನ್ನು ಅಜಾಗರೂಕತೆಯಿಂದ ಇಟ್ಟರೆ ಮೊದಲನೆಯದು. ದೇವರ ಮುಂದೆ ಕೈಮುಚ್ಚಿ ಇರಿಸಿದರೆ ಎರಡನೆಯದು. ಪರಿಚಿತ ಮುಖವನ್ನು ಕಂಡು, ಎಲ್ಲಿ ನೋಡಿದ್ದೆವೆಂಬುದು ಹೊಳೆಯದೆ ಹೋದಾಗ, ಅವರನ್ನು 'ಪ್ಲೇಸ್' ಮಾಡಲಾರೆ ಎನ್ನುವುದು ಸೊಗಸಾದ ಪ್ರಯೋಗ. ಇಂದಿನ ನಮ್ಮ ಕಾಲೇಜುಗಳಲ್ಲಿ ಉದ್ಯೋಗ ದೊರೆತ ವಿದ್ಯಾರ್ಥಿ 'ಪ್ಲೇಸ್ ಆದ' ಎಂದು ಹೇಳುವುದುಂಟು. ಉದ್ಯೋಗ ಸಿಕ್ಕದ ಹುಡುಗನು ಹಾಗಾದರೆ ಎಲ್ಲಿಯೂ ಇಲ್ಲದವನೇ? ಮಾತಿನಲ್ಲಿ ಹುದುಗಿರುವ ಕ್ರೌರ್ಯ ಆಡುವವರಿಗೆ ತಿಳಿಯುವುದಿಲ್ಲ.

ಭಾರತೀಯರು ಈ ಮಾತಿಗೆ ಕೂಡಿಸಿದ ಒಂದು ಪ್ರಯೋಗವನ್ನೂ ಹೇಳಬೇಕು. ಇಬ್ಬರು ಅಪರಿಚಿತರು ರೈಲಿನಲ್ಲಿ ಸೇರಿದರೆ ಇಂಗ್ಲಿಷಿನಲ್ಲಿ ಮೊದಲು ಕೇಳುವ ಪ್ರಶ್ನೆ 'ನೇಟಿವ್ ಪ್ಲೇಸ್' ಯಾವುದೆಂಬುದು. ಆಂಗ್ಲರು ಸಾಧಾರಣವಾಗಿ ಹೀಗೆ ಕೇಳುವುದಿಲ್ಲ. ನಮ್ಮ ಮನಸ್ಸಿನಲ್ಲಿರುವುದು ಹುಟ್ಟಿದ ಸ್ಥಳವಲ್ಲ, ಈಗ ವಾಸಮಾಡುವ ಸ್ಥಳವೂ ಅಲ್ಲ. ತಾತ ಮುತ್ತಾತಂದಿರ 'ಊರು'. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನೂ ತನ್ನ ಊರು ಮತ್ತೊಂದೆಂದು ಹೇಳುತ್ತಾನಲ್ಲವೆ? ಆ 'ಊರು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಮಾತಿಲ್ಲದ್ದರಿಂದ ನಾವೇ ಒಂದನ್ನು ಮಾಡಿಕೊಂಡೆವು. ಇದನ್ನು ತಪ್ಪೆಂದು ಹಳಿಯಲು ನನಗೆ ಮನಸ್ಸು ಬಾರದು.

ಈಗ ಆ ಉಪಾಧ್ಯಾಯರ ಸಂಗತಿಗೆ ಹಿಂದಿರುಗುತ್ತೇನೆ. ಬರೆದ ತಪ್ಪನ್ನು ತಿಳಿಸಿ ಕ್ಷಮೆ ಬೇಡಿದೆ. ಅವರನ್ನು ನಿಲಯಕ್ಕೆ ಕರೆದುಕೊಂಡು ಹೋಗಿ ಮನೆಯನ್ನೆಲ್ಲ ತೋರಿಸಿದೆ. ಅವರು ಮಂಚಗಳನ್ನೂ ನೆಲದ ಮೇಲೆ ಸುತ್ತಿಟ್ಟಿದ್ದ ಚಾಪೆಗಳನ್ನೂ ನಿಧಾನವಾಗಿ ಎಣಿಸಿದರು. "ಹಾಗಾದರೆ ತಾವು 'ರೂಮ್' ಎಂದು ಬರೆಯಬೇಕಾಗಿತ್ತು" ಎಂದರು. ಹೌದೆಂದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಅವರು ಮೆಲ್ಲನೆ ಮತ್ತೊಂದು ಪ್ರಶ್ನೆ ಕೇಳಿದರು: "ಈ ಐವತ್ತೆರಡರಲ್ಲಿ ನಮ್ಮವರು ಎಷ್ಟು ಮಂದಿ, ಸ್ವಾಮಿ?"

ದಾಖಲೆಯ ಪುಸ್ತಕವನ್ನು ತರಿಸಿ ನೋಡಿದೆ. ಒಬ್ಬನೂ ಇರಲಿಲ್ಲ. ಆ ವರ್ಷ ಇರಲಿಲ್ಲ. ಪುಟ ತಿರುವಿದರೆ ಹಿಂದಿನ ವರ್ಷಗಳಲ್ಲಿಯೂ ಇರಲಿಲ್ಲ. ಇಂಥವರನ್ನು ಸೇರಿಸಕೂಡದೆಂಬ ನಿಯಮ ಯಾವುದೂ ಇರಲಿಲ್ಲ. ಪ್ರತಿ ವರ್ಷವೂ 'ಜಾಗವಿಲ್ಲ' ಎಂಬುದಷ್ಟೇ ಇತ್ತು. ನಾನು ಅಜ್ಞಾನದಿಂದ ಬರೆದ ತಪ್ಪು ಇಂಗ್ಲಿಷು ಆ ಮನೆಯ ವಿಷಯದಲ್ಲಿ ನಿಜವನ್ನೇ ಹೇಳಿಬಿಟ್ಟಿತ್ತು. ತಪ್ಪು ವ್ಯಾಕರಣದ್ದೆಂದು ಕ್ಷಮೆ ಕೇಳಿ ತಪ್ಪಿಸಿಕೊಳ್ಳುವಂತಿರಲಿಲ್ಲ.

ಆ ದಿನವೇ ಹುಡುಗರನ್ನು ಸೇರಿಸಿ ವಿಷಯವನ್ನು ಹೇಳಿದೆ. ಕೆಲವರು ಸುಮ್ಮನಿದ್ದರು, ಇಬ್ಬರು ಎದ್ದು, ತಮ್ಮ ಪೆಟ್ಟಿಗೆಗಳನ್ನು ಅಂಗಳದ ಕಡೆಗೆ ಸರಿಸಿಕೊಳ್ಳುವೆವೆಂದರು. ವಾಚನಾಲಯದ ಪಕ್ಕದ ಕೋಣೆಯಲ್ಲಿ, ಕಿಟಕಿಯ ಬಳಿ, ಐವತ್ತಮೂರನೆಯ ಹುಡುಗನಿಗೆ ಇಂಬಾಯಿತು. ಅವನು ಮೂರು ವರ್ಷ ಅಲ್ಲಿಯೇ ಇದ್ದು ಓದನ್ನು ಮುಗಿಸಿದನು. ಪಂಕ್ತಿಯಲ್ಲಿ ಅವನಿಗೆ ನೆಲೆಯಾಗುವುದಕ್ಕೆ ಮಾತ್ರ ಒಂದು ವರ್ಷಕ್ಕೆ ಮೇಲೆ ಹಿಡಿಯಿತು. ಇಂಬನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಸ್ಥಾನವನ್ನು ಹಾಗೆ ಮಾಡಲಾಗುವುದಿಲ್ಲವೆಂಬುದನ್ನು ನಾನು ಆ ವರ್ಷ ಕಲಿತೆ.

ಕೇಳುಗರಲ್ಲಿ ವಿದ್ಯಾರ್ಥಿಗಳಿದ್ದರೆ ಅವರಿಗೆ ಒಂದು ಸುಲಭವಾದ ಸೂತ್ರವನ್ನು ಹೇಳಿ ಮುಗಿಸುತ್ತೇನೆ. ಮೊಳ ಹಾಕಿ ಅಳೆಯಬಹುದಾದರೆ, ಒಬ್ಬರು ಸ್ವಲ್ಪ ಸರಿದುಕೊಂಡರೆ ಉಂಟಾಗುವಂತಿದ್ದರೆ, ಅದು 'ರೂಮ್'. ಬೆರಳು ಮಾಡಿ ತೋರಿಸಬಹುದಾದರೆ, ಅಥವಾ ಇದು ಇವರಿಗೆ ಸಲ್ಲತಕ್ಕದ್ದೆಂದು ಹೇಳುವಂತಿದ್ದರೆ, ಅದು 'ಪ್ಲೇಸ್'. ಮೊದಲನೆಯದು ಇಲ್ಲವೆಂದು ಹೇಳಬೇಕಾದಾಗ ಸಂಕೋಚವಿಲ್ಲದೆ ಹೇಳಬಹುದು. ಎರಡನೆಯದು ಇಲ್ಲವೆಂದು ಬರೆಯುವುದಕ್ಕೆ ಮುಂಚೆ ಲೇಖನಿಯನ್ನು ಕೆಳಗಿಟ್ಟು 'ಏತಕ್ಕೆ?' ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಆ ಕಾಗದ ಈಗಲೂ ನನ್ನ ಬಳಿಯಿದೆ. ಊರಿಗೆ ಹೊರಡುವಾಗ ಆ ಉಪಾಧ್ಯಾಯರು ಅದನ್ನು ಮಡಿಸಿ ನನ್ನ ಕೈಯಲ್ಲಿಟ್ಟು, "ಇದು ತಮ್ಮಲ್ಲಿಯೇ ಇರಲಿ, ಸ್ವಾಮಿ; ಮುಂದೆ ಇನ್ನೊಬ್ಬರಿಗೆ ಬರೆಯುವಾಗ ನೋಡಿಕೊಳ್ಳುವುದಕ್ಕೆ ಆದೀತು" ಎಂದರು.